ಹಲ್ಲು ತಪ್ಪಿದ ಕ್ಯಾಮ್ ಚೈನು

ಗಾಡಿ ಕಲ್ಯಾಣದುರ್ಗದಿಂದ ಗೂಡ್ಸ್ ಆಟೋದ ಮೇಲೆ, ಹಗ್ಗಗಳ ನಡುವೆ ಬಿಗಿಸಿಕೊಂಡು, ಹಿಂದೂಪುರದ ನಮ್ಮ ವರ್ಕ್‌ಶಾಪಿಗೆ ವಾಪಸಾಯಿತು. ಡ್ರೈವರನ ಪಕ್ಕದಲ್ಲಿ ಗಾಡಿಯ ಒಡತಿ ಕೂತಿದ್ದರು. ಬ್ರಹ್ಮಸಮುದ್ರದ ಶಾಲೆಯೊಂದರಲ್ಲಿ ಗಣಿತ ಕಲಿಸುವ, ಐವತ್ತು ದಾಟಿದ ಟೀಚರ್. ಎಪ್ಪತ್ತರ ದಶಕದ ಆ ಜೋಡಿ ಸಿಲಿಂಡರಿನ ಜಪಾನಿ ಮೋಟರ್ ಸೈಕಲ್ ಅವರ ತಂದೆಯದು. ಅದನ್ನು ಒರೆಸಿ ಅಂಗಳದಲ್ಲಿ ನಿಲ್ಲಿಸಿ ನೆಂಟರಿಗೆ ತೋರಿಸುವವರಲ್ಲ ಅವರು. ಕಲ್ಯಾಣದುರ್ಗದ ಮನೆಯಿಂದ ಶಾಲೆಗೆ ದಿನಾಲೂ ಅದರಲ್ಲೇ ಹೋಗಿ ಬರುವವರು. ನಾವು ಹೊಸ ಕ್ಯಾಮ್ ಚೈನ್ ಹಾಕಿ ಕೊಟ್ಟು ಇನ್ನೂ ವಾರ ತುಂಬಿರಲಿಲ್ಲ.

ಆಟೋದಿಂದ ಇಳಿದು ಅವರು ನಡೆದದ್ದನ್ನು ಹೇಳಿದರು. ದನಿ ಏರಿಸಲಿಲ್ಲ. ಬ್ರಹ್ಮಸಮುದ್ರದ ರಸ್ತೆಯಲ್ಲಿ ವೇಗವಾಗಿ ಹೋಗುತ್ತಿರುವಾಗ ಇಂಜಿನ್ನಿನೊಳಗೆ ಟಪ್ಪೆಂದು ಶಬ್ದವಾಯಿತು. ಮರುಕ್ಷಣ ಇಂಜಿನ್ ಹಿಡಿದುಕೊಂಡಿತು, ಹಿಂದಿನ ಚಕ್ರ ನಿಂತುಬಿಟ್ಟಿತು, ಗಾಡಿ ಅಡ್ಡಡ್ಡವಾಗಿ ಜಾರಿತು. ಬೆನ್ನ ಹಿಂದೆ ಕಲ್ಯಾಣದುರ್ಗದ ಬಸ್ಸು. ಕೈ ತಾನಾಗಿ ಕ್ಲಚ್ ಹಿಡಿದದ್ದರಿಂದ ಚಕ್ರ ಬಿಡಿಸಿಕೊಂಡು ಗಾಡಿ ರಸ್ತೆ ಬದಿಯ ಹೊಲಕ್ಕೆ ಇಳಿದು ನಿಂತಿತು. ಬಸ್ಸು ಹಾರ್ನ್ ಹೊಡೆಯುತ್ತಲೇ ಪಕ್ಕದಲ್ಲಿ ಹಾದುಹೋಯಿತು.

ವರ್ಕ್‌ಶಾಪಿನ ಯಜಮಾನರು ನನ್ನ ಸೋದರಮಾವ. ಅವರು ಗಾಡಿಯ ಕಡೆ ಒಮ್ಮೆ ನೋಡಿ, ಹಳೇ ಇಂಜಿನ್ ಅಲ್ವಾ ಟೀಚರಮ್ಮ, ಚೈನ್ ಕೈ ಕೊಟ್ಟೈತೆ ಎಂದರು.

"ಗರಗರ ಶಬ್ದ ಬತ್ತೈತೆ ಅಂತ ಮೊದಲ ದಿನಾನೇ ಫೋನ್ ಮಾಡಿದ್ದೆ," ಎಂದರು ಟೀಚರ್. "ಹೊಸ ಚೈನು, ಓಡಿಸ್ತಾ ಓಡಿಸ್ತಾ ಸೆಟ್ ಆಯ್ತದೆ ಅಂದ್ರಿ."

ಮಾವ ಕೈಯಲ್ಲಿದ್ದ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸತೊಡಗಿದರು. ಅದು ಆಗಲೇ ಶುಭ್ರವಾಗಿತ್ತು.

"ರಿಪೇರಿ ಆಮೇಲಿನ ಮಾತು. ಯಾಕೆ ಹಿಂಗಾಯ್ತು ಅಂತ ಹೇಳಿ. ಕಾರಣ ಗೊತ್ತಾಗದೆ ಅದರ ಮೇಲೆ ನಾನು ಕೂರೋದಿಲ್ಲ."

ಅಷ್ಟು ಹೇಳಿ ಟೀಚರ್ ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದರು.

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವಳು. ವಿಶ್ವವಿದ್ಯಾಲಯದಲ್ಲಿ ನಮಗೆ ಒಂದು ಭಾಗ ಏಕೆ ಮುರಿಯಿತು ಎಂದು ಪತ್ತೆಮಾಡುವುದನ್ನು ಕಲಿಸುತ್ತಾರೆ. ಮುರಿದದ್ದಕ್ಕೆ ಯಾರು ಉತ್ತರ ಕೊಡಬೇಕು ಎಂದು ಕೇಳುವುದನ್ನು ಕಲಿಸುವುದಿಲ್ಲ. ಹಳೆಯ ಯಂತ್ರವೆಂದರೆ ನಮ್ಮ ಕಸುಬಿನವರಿಗೆ ಎಲ್ಲ ತಪ್ಪುಗಳನ್ನೂ ತುಂಬಿಡಬಹುದಾದ ಚೀಲ. ವಯಸ್ಸಾಗಿದೆ ಎಂದುಬಿಟ್ಟರೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಆ ದಿನ ನನಗೆ ಸಿಟ್ಟು ಬಂದದ್ದು ನಿಜ. ಆದರೆ ಅದು ಮೊದಲು ತಿರುಗಿದ್ದು ಚೈನ್ ಮಾರಿದವನ ಮೇಲೆ. ಬೆಂಗಳೂರಿನ ಆ ವ್ಯಾಪಾರಿಗೆ ನಾನೇ ಕಟುವಾಗಿ ಬರೆದೆ: ನೀನು ಕೊಟ್ಟ ಸರಕಿನಿಂದ ಒಬ್ಬ ಹೆಂಗಸು ಬಸ್ಸಿನಡಿ ಸಿಗುವುದು ಸ್ವಲ್ಪದರಲ್ಲಿ ತಪ್ಪಿತು, ಇದಕ್ಕೆ ಹೊಣೆ ಯಾರು ಎಂದು. ಅಳೆದು ನೋಡಿ, ಹಿಗ್ಗಿದ್ದರೆ ಫೋಟೋ ಕಳಿಸಿ ಎಂದಷ್ಟೇ ಆತನ ಉತ್ತರ ಬಂತು.

ಅಳೆಯಬೇಕಾದರೆ ಬಿಚ್ಚಬೇಕು. ಈ ಗಾಡಿಯಲ್ಲಿ ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ತೆಗೆಯಲು ಇಂಜಿನ್ನನ್ನೇ ಚೌಕಟ್ಟಿನಿಂದ ಕೆಳಗಿಳಿಸಬೇಕಾಗುತ್ತದೆ. ಟ್ಯಾಂಕ್, ಸೈಲೆನ್ಸರ್, ಕಾರ್ಬ್ಯುರೇಟರುಗಳನ್ನು ತೆಗೆದು ಇಂಜಿನ್ನನ್ನು ಬೆಂಚಿನ ಮೇಲಿಟ್ಟೆವು. ಕೆಳಗೆ ಪಿಸ್ಟನ್ನುಗಳಿಂದ ತಿರುಗುವ ಕ್ರ್ಯಾಂಕ್, ಮೇಲೆ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್. ಇವೆರಡರ ನಡುವಿನ ಒಪ್ಪಂದವೇ ಕ್ಯಾಮ್ ಚೈನ್. ಅದು ಒಂದೆರಡು ಹಲ್ಲು ತಪ್ಪಿದರೂ ಸಾಕು, ಪಿಸ್ಟನ್ ಮೇಲಕ್ಕೆ ಬರುವ ಹೊತ್ತಿಗೆ ವಾಲ್ವ್ ಇನ್ನೂ ತೆರೆದೇ ಇರುತ್ತದೆ, ಎರಡೂ ಢಿಕ್ಕಿ ಹೊಡೆಯುತ್ತವೆ. ಕ್ರ್ಯಾಂಕಿನ ಗುರುತನ್ನು ಕೇಸಿನ ಗುರುತಿಗೆ ಸರಿಯಾಗಿ ನಿಲ್ಲಿಸಿದೆ. ಮೇಲಿನ ಸ್ಪ್ರಾಕೆಟ್ ಹಲ್ಲುಚಕ್ರದ ಗೆರೆ ಹೆಡ್ಡಿನ ಅಂಚಿಗೆ ಸಮನಾಗಿರಬೇಕಿತ್ತು. ಅದು ಓರೆಯಾಗಿ ನಿಂತಿತ್ತು. ಹೆಡ್ ಎತ್ತಿದಾಗ ಎಡಗಡೆಯ ಪಿಸ್ಟನ್ನಿನ ತಲೆಯ ಮೇಲೆ ಉಗುರಿನಿಂದ ಗೀರಿದಂತೆ ಅರ್ಧಚಂದ್ರದ ಗಾಯ; ಎರಡೂ ವಾಲ್ವುಗಳು ಬಾಗಿದ್ದವು.

ಚೈನನ್ನು ತೊಳೆದು, ಎಳೆದು ಹಿಡಿದು ಅಳೆದೆ. ಹಿಗ್ಗಿರಲಿಲ್ಲ. ಇನ್ನೊಮ್ಮೆ ಅಳೆದೆ. ಹೊಸದು ಹೇಗಿರಬೇಕೋ ಹಾಗೇ ಇತ್ತು. ಪಕ್ಕದ ತಗಡುಗಳಲ್ಲಿ ಮಾತ್ರ ಎಲ್ಲೆಲ್ಲೋ ಬಡಿದ ಗಾಯಗಳು. ಎಂದರೆ ಅದು ಓಡುವಾಗ ಸಡಿಲವಾಗಿ ಚಾಟಿಯಂತೆ ಬೀಸಾಡಿದೆ. ಸಡಿಲವಾಗದಂತೆ ನೋಡಿಕೊಳ್ಳಲೆಂದೇ ಹಿಂಬದಿಯಲ್ಲಿ ಟೆನ್ಷನರ್ ಇರುತ್ತದೆ: ಒಂದು ಸ್ಪ್ರಿಂಗು ಕಂಬಿಯನ್ನು ಮುಂದಕ್ಕೆ ತಳ್ಳುತ್ತದೆ, ಕಂಬಿ ರಬ್ಬರಿನ ಪಟ್ಟಿಯನ್ನು ಚೈನಿಗೆ ಒತ್ತುತ್ತದೆ, ಹದ ಸಿಕ್ಕಿದ ಮೇಲೆ ಹೊರಗಿನಿಂದ ಒಂದು ಲಾಕ್ ಬೋಲ್ಟ್ ಬಿಗಿದು ಕಂಬಿಯನ್ನು ಅಲ್ಲಿಯೇ ಹಿಡಿಸುತ್ತೇವೆ. ಬಿಚ್ಚಿ ನೋಡಿದೆ. ಕಂಬಿ ಮುಂದೆ ಬಂದಿರಲಿಲ್ಲ. ಪೂರ್ತಿ ಹಿಂದಕ್ಕೆ ಹೋಗಿ, ಅಲ್ಲಿಯೇ ಲಾಕ್ ಆಗಿತ್ತು.

ಸ್ಪ್ರಿಂಗ್ ಸತ್ತಿರಬಹುದೆಂದು ತೆಗೆದು ಒತ್ತಿ ನೋಡಿದೆ. ಅಂಗೈ ಚುಚ್ಚುವಷ್ಟು ಜೀವವಿತ್ತು. ಕಂಬಿ ತುಕ್ಕು ಹಿಡಿದಿರಬಹುದೆಂದು ಜಾರಿಸಿ ನೋಡಿದೆ. ಎಣ್ಣೆಯಲ್ಲಿ ಸರಾಗವಾಗಿ ಜಾರಿತು. ಎಲ್ಲ ಭಾಗಗಳೂ ಸರಿಯಾಗಿವೆ, ಇಂಜಿನ್ ಮಾತ್ರ ಸತ್ತಿದೆ. ಇದಕ್ಕಿಂತ ಹತಾಶೆಯ ಸ್ಥಿತಿ ನಮ್ಮ ಕೆಲಸದಲ್ಲಿ ಇನ್ನೊಂದಿಲ್ಲ. ಮುರಿದ ಭಾಗ ಸಿಕ್ಕಿದ್ದರೆ ಅದನ್ನು ಟೀಚರ ಅಂಗೈಯಲ್ಲಿಟ್ಟು ಇದೇ ಕಾರಣ ಎನ್ನಬಹುದಿತ್ತು.

ಇಲ್ಲಿ ಹಿಂದಿನ ರಿಪೇರಿಯ ಬಗ್ಗೆ ಹೇಳಬೇಕು. ಆಯುಧ ಪೂಜೆಯ ಮುನ್ನಾದಿನದವರೆಗೆ ಆ ಚೈನಿನ ಕೆಲಸ ನನ್ನದೇ ಆಗಿತ್ತು. ಟೆನ್ಷನರಿನ ಹದ ಹಿಡಿಯಲು ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುತ್ತ ಕ್ರ್ಯಾಂಕನ್ನು ಸರಿಯಾದ ಜಾಗಕ್ಕೆ ತರುವುದು ನಮ್ಮ ರೂಢಿ. ಅಷ್ಟರಲ್ಲಿ ಅಜ್ಜಿಯನ್ನು ಕಣ್ಣಿನ ಆಪರೇಷನ್ನಿಗೆ ಬೆಂಗಳೂರಿಗೆ ಕರೆದೊಯ್ಯಬೇಕಾಗಿ ಬಂತು. ಗಾಡಿ ಗೇರಿನಲ್ಲೇ ಇತ್ತು, ಲಾಕ್ ಬೋಲ್ಟ್ ಸಡಿಲವಾಗಿತ್ತು. ಹ್ಯಾಂಡಲಿಗೆ ಕೆಂಪು ಬಟ್ಟೆ ಕಟ್ಟಿ ಹೊರಟೆ. ನಮ್ಮಲ್ಲಿ ಕೆಂಪು ಬಟ್ಟೆ ಕಟ್ಟಿದ ಗಾಡಿಯನ್ನು ಕಟ್ಟಿದವರ ಹೊರತು ಬೇರೆ ಯಾರೂ ಮುಟ್ಟಬಾರದು. ಇದು ಮಾವನೇ ಮಾಡಿದ ಕಟ್ಟಳೆ. ನಾನು ಮರಳಿದಾಗ ಗಾಡಿ ಹೋಗಿಯಾಗಿತ್ತು. ಉಳಿದಿದ್ದ ಕೆಲಸವನ್ನು ಮೇಸ್ತ್ರಿ ಮುಗಿಸಿದರೆಂದು ಮಾವ ಹೇಳಿದರು. ನಮ್ಮ ಹಿರಿಯ ಮೆಕ್ಯಾನಿಕ್ ಅವರು. ಅನುಮಾನಿಸುವ ಪ್ರಮೇಯ ನನಗೆ ಬರಲಿಲ್ಲ.

ಕಾರಣ ಸಿಗದಿದ್ದರೂ ಹೆಡ್ಡನ್ನು ಬದುಕಿಸಬೇಕಿತ್ತು. ಈ ಗಾಡಿಯ ವಾಲ್ವುಗಳು ಎಲ್ಲಿಯೂ ಇರಲಿಲ್ಲ. ಚಿಲಮತ್ತೂರು ದಾಟಿ ಬೆಂಗಳೂರಿಗೆ ಹೋಗಿ, ಹಳೆ ಬಿಡಿಭಾಗಗಳ ಅಂಗಡಿಗಳಲ್ಲಿ ಬಾಗಿದ ವಾಲ್ವನ್ನು ಕೈಯಲ್ಲಿ ಹಿಡಿದು ತಿರುಗಿದೆ. ಕೊನೆಗೆ ಬೇರೆ ಇಂಜಿನ್ನಿನ, ಕಾಂಡದ ದಪ್ಪ ಮಾತ್ರ ಹೊಂದುವ ವಾಲ್ವುಗಳನ್ನು ತಂದೆ. ಪರಿಗಿ ರಸ್ತೆಯ ಲೇತ್ ಶಾಪಿನಲ್ಲಿ ತಲೆ ಸಣ್ಣದು ಮಾಡಿಸಿ, ಉದ್ದ ತಗ್ಗಿಸಿ, ಹೆಡ್ಡಿನಲ್ಲಿ ಕೂರಿಸಿ ತೇಯ್ದೆ. ಗಾಳಿ ಹೋಗುವ ಪೋರ್ಟಿಗೆ ಪೆಟ್ರೋಲ್ ಸುರಿದು ನೋಡಿದರೆ ವಾಲ್ವಿನ ಅಂಚಿನಿಂದ ಸೋರುತ್ತಿತ್ತು. ಮತ್ತೆ ತೇಯ್ದೆ, ಮತ್ತೆ ಸೋರಿತು. ವಾಲ್ವು ಜಾರುವ ಕೊಳವೆ, ಗೈಡ್, ಕೂದಲೆಳೆಯಷ್ಟು ಸೀಳಿದ್ದು ಆಗ ಗೊತ್ತಾಯಿತು. ಹೊಸ ಗೈಡ್ ಕಡೆಸಿದ್ದಾಯಿತು. ಅದನ್ನು ಹೊಗಿಸಲು ಹೆಡ್ ಒಂದೇ ಸಮನಾಗಿ ಕಾಯಬೇಕು. ಬ್ಲೋ ಲ್ಯಾಂಪಿನ ಬೆಂಕಿ ಒಂದು ಕಡೆ ಕಾಯಿಸಿ ಇನ್ನೊಂದು ಕಡೆ ಸೊಟ್ಟಗೆ ಮಾಡುತ್ತದೆ. ಬೇಕರಿಯ ಓವನ್ನೇ ಗತಿ ಎಂದು ಬಸ್ ಸ್ಟ್ಯಾಂಡಿನ ಬಳಿಯ ಬೇಕರಿಯವರನ್ನು ಬೇಡಿಕೊಂಡೆ. ಬ್ರೆಡ್ಡು ತೆಗೆದ ಮೇಲೆ ಅವರು ಜಾಗ ಬಿಟ್ಟುಕೊಟ್ಟರು. ಸೋಪಿನ ನೀರಿನಲ್ಲಿ ಎಷ್ಟು ತೊಳೆದಿದ್ದರೂ ಬಿಸಿ ತಾಗಿದ ಹೆಡ್ಡಿನಿಂದ ಸುಟ್ಟ ಎಣ್ಣೆಯ ವಾಸನೆ ಎದ್ದಿತು. ಬೇಕರಿಯವರು ಮೂಗು ಮುಚ್ಚಿಕೊಂಡು, ನಾಳೆ ಬನ್ನು ತಿಂದೋರು ಸ್ಟಾರ್ಟ್ ಆಗಿಬಿಡ್ತಾರೆ ನೋಡಮ್ಮ ಎಂದರು. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬಿಸಿ ಹೆಡ್ಡಿಗೆ ಗೈಡ್ ಒಂದೇ ಏಟಿಗೆ ಇಳಿದಾಗ ಕಣ್ಣಲ್ಲಿ ನೀರು ಬಂತು.

ವಾಲ್ವ್ ಸೋರುವುದು ನಿಂತಿತು. ಆದರೂ ಟೀಚರ ಪ್ರಶ್ನೆ ಹಾಗೇ ಇತ್ತು. ಏಕೆ ಕೆಟ್ಟಿತೆಂದು ತಿಳಿಯದೆ ಮುಚ್ಚಿದ ಇಂಜಿನ್ ಮತ್ತೆ ಕೆಡುವುದಿಲ್ಲವೆಂದು ಯಾವ ಬಾಯಿಂದ ಹೇಳುವುದು?

ಅದೇ ದಿನಗಳಲ್ಲಿ ಒಂದು ಮಧ್ಯಾಹ್ನ, ಬೇರೆ ಯಾರದೋ ಬುಲೆಟನ್ನು ರ‍್ಯಾಂಪಿನ ಮೇಲಕ್ಕೆ ತಳ್ಳಬೇಕಾಯಿತು. ನಾನೂ ಕೈಹಾಕಿ, ಭಾರ ಐತೆ ಎಂದೆ. ಮೇಸ್ತ್ರಿ ನಕ್ಕರು.

"ಇದೇನ್ ಭಾರ ಬಿಡಮ್ಮಿ. ಪೂಜೆ ದಿನ ಟೀಚರಮ್ಮನ ಗಾಡಿ ಹಿಂದಕ್ಕೆ ತಳ್ಳೋ ಹೊತ್ಗೆ ಮೂರು ಜನಕ್ಕೂ ಸೊಂಟ ಬಿದ್ದೋಗಿತ್ತು. ಒಳ್ಳೆ ಮೊಂಡು ಬಿದ್ದಿರೋ ಎಮ್ಮೆ ಎಳ್ದಂಗೆ."

ನನ್ನ ಕೈ ಬುಲೆಟಿನ ಮೇಲೆ ಹಾಗೇ ನಿಂತಿತು. ಹಿಂದಕ್ಕೆ ಯಾಕೆ ತಳ್ಳಿದಿರಿ ಎಂದು ಕೇಳಿದೆ. ಎಲ್ಲ ಗಾಡಿಗಳನ್ನೂ ಬೀದಿಯ ಕಡೆ ಮುಖಮಾಡಿ ಸಾಲಾಗಿ ನಿಲ್ಲಿಸದೆ ಮಂಗಳಾರತಿ ಹೇಗೆ ಮಾಡುವುದು ಎಂದರು. ಗೇರಿನಲ್ಲಿತ್ತೇ ಎಂದರೆ, ಅದನ್ನು ಯಾರು ನೋಡಿದರು ಎಂದರು.

"ಕೆಂಪು ಬಟ್ಟೆ ಕಟ್ಟಿದ್ನಲ್ಲ, ಮೇಸ್ತ್ರಿ?"

"ಗಾಡಿ ತೊಳ್ದು, ಇಬೂತಿ ಹಚ್ಚಿ, ಸೇವಂತಿಗೆ ಹಾರ ಹಾಕೋ ಜಾಗ್ದಾಗೆ ಎಣ್ಣೆ ಬಟ್ಟೆ ಇಟ್ಕೊಂಡಿರಕ್ಕಾಯ್ತದಾ? ನಿಮ್ಮಾವನೇ ಬಿಚ್ಚಾಕಿದ್ರು." ಆಮೇಲೆ, ಒಳ್ಳೆಯ ಕೆಲಸ ಮಾಡಿದವರ ಸಮಾಧಾನದಲ್ಲಿ ಸೇರಿಸಿದರು: "ಆ ಹಿಂದ್ಗಡೆ ಬೋಲ್ಟು ಲೂಸಿತ್ತು. ಕೊಡೋಕ್ಮುಂಚೆ ನೋಡ್ಬುಟ್ಟು ನಾನೇ ಬಿಗಿ ಮಾಡ್ದೆ."

ಕಾರಣ ಅಷ್ಟರಲ್ಲಿ ಪೂರ್ತಿಯಾಗಿತ್ತು. ಗೇರಿನಲ್ಲಿದ್ದ ಗಾಡಿಯನ್ನು ಹಿಂದಕ್ಕೆ ತಳ್ಳಿದಾಗ ಕ್ರ್ಯಾಂಕ್ ತಿರುವುಮುರುವಾಗಿ ಸುತ್ತಿದೆ. ಮುಂದಕ್ಕೆ ಓಡುವಾಗ ಸಡಿಲವಾಗಿರುವ ಹಿಂಬದಿಯ ಚೈನು ಆಗ ಬಿಗಿಯಾಗಿ, ಲಾಕಿಲ್ಲದ ಕಂಬಿಯನ್ನು ಸ್ಪ್ರಿಂಗಿನ ಸಮೇತ ಹಿಂದಕ್ಕೆ ಅದುಮಿದೆ. ಇಂಜಿನ್ ಅದೇ ಸ್ಥಿತಿಯಲ್ಲಿ ನಿಂತಿದೆ. ಬೋಲ್ಟ್ ಬಿಗಿದದ್ದು ಅಲ್ಲಿಯೇ. ಹಾರ ಹಾಕಿಸಿಕೊಂಡು, ನಿಂಬೆಹಣ್ಣು ತುಳಿದು, ಸಡಿಲ ಚೈನನ್ನು ಹೊಟ್ಟೆಯಲ್ಲಿಟ್ಟುಕೊಂಡು ಆ ಗಾಡಿ ಟೀಚರನ್ನು ಹೊತ್ತು ಹೋಗಿದೆ. ಗರಗರ ಎಂದು ತನ್ನ ಸ್ಥಿತಿಯನ್ನು ತಾನೇ ಹೇಳಿಕೊಂಡಿದೆ. ಟೀಚರ್ ಅದನ್ನು ಕೇಳಿಸಿಕೊಂಡು ನಮಗೆ ಹೇಳಿದ್ದಾರೆ. ನಾವು ಸೆಟ್ ಆಗುತ್ತದೆ ಎಂದಿದ್ದೇವೆ.

ವ್ಯಾಪಾರಿಗೆ ಬರೆದದ್ದನ್ನು ಹಿಂತೆಗೆದುಕೊಂಡು ಮಾವನ ಎದುರು ಹೋಗಿ ನಿಂತೆ. ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅವರ ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು.

"ಪೂಜೆ ಮಾಡಿ ಗಾಡಿ ಕೆಡಿಸ್ದೆ ಅಂತ ನಾನೋಗಿ ಹೇಳ್ಲಾ? ಬಜಾರ್‌ನಾಗೆ ನಾಲ್ಕು ಜನ ನಗಲ್ವಾ? ಚೈನ್ ಸರಿ ಇರ್ಲಿಲ್ಲ ಅಂದ್ರೆ ಯಾರಿಗೂ ನೋವಿಲ್ಲ ಕಣಮ್ಮಿ."

"ಪೂಜೆ ಏನೂ ಕೆಡಿಸ್ಲಿಲ್ಲ ಮಾವ. ಬಟ್ಟೆ ಯಾಕೆ ಕಟ್ಟೈತೆ ಅಂತ ಕೇಳ್ದೆ ಬಿಚ್ಚಿದ್ದು ಕೆಡಿಸ್ತು. ಆಯಮ್ಮ ಫೋನ್ ಮಾಡಿದಾಗ ಒಂದ್ಸಲ ಗಾಡಿ ತರ್ಸಿ ನೋಡಿದ್ರೆ ಸಾಕಿತ್ತು."

"ಈಗ ಸರಿ ಮಾಡ್ತಾ ಇದೀವಲ್ಲ. ಸರೇ ಅನ್ಕೋ. ಮುಗೀತು."

"ಬಸ್ಸಿನ ಕೆಳಗೆ ಹೋಗಿದ್ರೂ ಚೈನ್ ಮೇಲೆ ಹೇಳ್ತಿದ್ಯಾ?"

ಮಾವ ಎದ್ದು ಹೊರಗೆ ಹೋದರು. ಮೇಸ್ತ್ರಿ ಬೆಂಚಿನ ಬಳಿ ತಲೆತಗ್ಗಿಸಿ ನಿಂತಿದ್ದರು.

ಅಂದು ನಾನು ಒಂದು ನಿರ್ಧಾರಕ್ಕೆ ಬಂದೆ, ಅದನ್ನು ಮಾವ ಒಳಗೆ ಬಂದ ಮೇಲೆ ಎಲ್ಲರ ಎದುರೇ ಹೇಳಿದೆ. ಬಡಿದಾಡಿದ ಈ ಚೈನನ್ನು ಮತ್ತೆ ಹಾಕುವುದಿಲ್ಲ. ಹೊಸದನ್ನು ಕತ್ತರಿಸಿ ಮೇಲಿನಿಂದ ಇಳಿಬಿಟ್ಟು ಕೊಂಡಿ ಹಾಕಿ ರಿವೆಟ್ ಮಾಡುವ ಸುಲಭದ ದಾರಿಯೂ ಬೇಡ. ಜೋಡಣೆಯೇ ಇಲ್ಲದ ಅಖಂಡ ಚೈನ್ ಹಾಕಬೇಕು, ಅದಕ್ಕೆ ಕ್ರ್ಯಾಂಕ್ ಕೂತಿರುವ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸನ್ನೇ ಇಬ್ಭಾಗ ಮಾಡಿ ಬುಡದಿಂದ ಶುರುಮಾಡಬೇಕು. ಮತ್ತು ಕಾರಣವನ್ನು ಟೀಚರಿಗೆ ಯಜಮಾನರೇ ಮುಖತಃ ಹೇಳಬೇಕು. ಇವೆರಡೂ ಆಗದಿದ್ದರೆ ಈ ಇಂಜಿನ್ನಿಗೆ ನಾನು ಸ್ಪ್ಯಾನರ್ ಹಚ್ಚುವುದಿಲ್ಲ. ಅವರು ಹೇಳದಿದ್ದರೆ ಕಲ್ಯಾಣದುರ್ಗದ ಬಸ್ಸು ಹತ್ತಿ ಹೋಗಿ ನಾನೇ ಹೇಳಿ ಬರುತ್ತೇನೆ. ಹೊಣೆಯಿಲ್ಲದ ಕೌಶಲ ನನಗೆ ಬೇಡ. ಚೆನ್ನಾಗಿ ರಿಪೇರಿ ಮಾಡಿ ಸುಳ್ಳು ಹೇಳುವುದೆಂದರೆ, ಮುಂದಿನ ತಪ್ಪಿಗೆ ಈಗಲೇ ಜಾಗ ಮಾಡಿಕೊಟ್ಟಂತೆ.

ಮರುದಿನ ನಾನು ಬರುವ ಹೊತ್ತಿಗೆ ಮಾವ ಇಂಜಿನ್ನನ್ನು ಮಗುಚಿ ಹಾಕಿಕೊಂಡು, ಕ್ರ್ಯಾಂಕ್‌ಕೇಸಿನ ಬೋಲ್ಟುಗಳನ್ನು ಒಂದೊಂದಾಗಿ ತಾವೇ ಬಿಚ್ಚುತ್ತ ಕೂತಿದ್ದರು. ಬಿಚ್ಚಿದ ಬೋಲ್ಟುಗಳನ್ನು ರಟ್ಟಿನ ತುಂಡಿಗೆ ಅವುಗಳ ಜಾಗದ ಪ್ರಕಾರ ಚುಚ್ಚಿಟ್ಟಿದ್ದರು.

ಮರುಜೋಡಣೆ ನಿಧಾನವಾಗಿ ನಡೆಯಿತು. ಕ್ರ್ಯಾಂಕಿನ ಮೇಲೆ ಅಖಂಡ ಚೈನ್ ಏರಿಸಿ ಕೇಸುಗಳನ್ನು ಮುಚ್ಚಿದೆವು. ಚೈನ್ ಕೆಳಗೆ ಜಾರಿ ಬೀಳದಂತೆ ತಂತಿ ಕಟ್ಟಿ ಎತ್ತಿ ಹಿಡಿದುಕೊಂಡೇ ಸಿಲಿಂಡರ್ ಇಳಿಸಿದೆವು, ಹೆಡ್ ಕೂರಿಸಿದೆವು. ಗುರುತುಗಳನ್ನು ನಾನು ನೋಡಿದೆ, ಮೇಸ್ತ್ರಿ ನೋಡಿದರು, ಮಾವ ನೋಡಿದರು. ಇಂಜಿನ್ನನ್ನು ಕೈಯಿಂದಲೇ, ಮುಂದಿನ ದಿಕ್ಕಿಗೆ ಮಾತ್ರ, ಮತ್ತೆ ಮತ್ತೆ ಸುತ್ತಿಸಿದೆ. ಎಲ್ಲಿಯೂ ತಡೆಯಲಿಲ್ಲ. ಹಿಂಬದಿಯ ಚೈನು ಸಡಿಲಾಗುವ ಜಾಗಕ್ಕೆ ತಂದು ನಿಲ್ಲಿಸಿ ಬೋಲ್ಟ್ ಸಡಿಲಿಸಿದಾಗ ಕಂಬಿ ಮುಂದಕ್ಕೆ ಸರಿದದ್ದು ಬೆರಳಿಗೆ ತಿಳಿಯಿತು. ಅಲ್ಲಿ ಲಾಕ್ ಮಾಡಿದೆ. ಇಂಜಿನ್ ಚೌಕಟ್ಟಿಗೆ ಏರಿಸಿ ಕಿಕ್ ಹೊಡೆದಾಗ ಮೊದಲು ಕೆಮ್ಮಿತು. ಆಮೇಲೆ ಹದವಾಗಿ ಓಡತೊಡಗಿತು. ಗರಗರ ಇರಲಿಲ್ಲ. ಯಾರ ಮುಖದಲ್ಲೂ ಸಂತೋಷವೂ ಇರಲಿಲ್ಲ, ಏಕೆಂದರೆ ಕಷ್ಟದ ಕೆಲಸ ಇನ್ನೂ ಬಾಕಿಯಿತ್ತು.

ಕಲ್ಯಾಣದುರ್ಗದಲ್ಲಿ ಟೀಚರ ಮನೆಯ ಗೇಟಿನೆದುರು ಆಟೋದಿಂದ ಗಾಡಿ ಇಳಿಸಿದೆವು. ಅವರು ನೀರು ತಂದುಕೊಟ್ಟರು. ಮಾವ ಲೋಟ ಹಿಡಿದುಕೊಂಡೇ ನಿಂತಿದ್ದರು, ಕುಡಿಯಲಿಲ್ಲ.

"ತಪ್ಪು ನಮ್ದು ಟೀಚರಮ್ಮ," ಎಂದರು. "ಕೆಲ್ಸ ಮುಗ್ದಿರ್ಲಿಲ್ಲ. ಪೂಜೆಗೆ ನಿಲ್ಸೋಕೆ ಅಂತ ಗೇರ್‌ನಾಗೇ ಹಿಂದಕ್ಕೆ ತಳ್ಳಿದ್ವಿ. ಲೂಸಿದ್ದ ಬೋಲ್ಟು ಅಂಗೇ ಬಿಗ್ದು ನಿಮ್ಗೆ ಕೊಟ್ಬುಟ್ವಿ. ನೀವು ಫೋನ್ ಮಾಡಿದಾಗ್ಲಾದ್ರೂ ನೋಡ್ಬೇಕಿತ್ತು. ನಾನು ನೋಡ್ಲಿಲ್ಲ."

ಟೀಚರ್ ಬೈಯಲಿಲ್ಲ. ನನ್ನ ಕಡೆ ತಿರುಗಿ, ಹಿಂದಕ್ಕೆ ತಳ್ಳಿದರೆ ಚೈನು ಯಾವ ಕಡೆ ಬಿಗಿಯಾಗುತ್ತದೆ, ಯಾವ ಕಡೆ ಸಡಿಲಾಗುತ್ತದೆ ಎಂದು ಕೇಳಿದರು. ಹೇಳಿದೆ. ಅಷ್ಟು ದಿನ ಓಡಿ ಆಮೇಲೆ ಏಕೆ ಹಲ್ಲು ಹಾರಿತು, ಮೊದಲ ದಿನವೇ ಏಕೆ ಹಾರಲಿಲ್ಲ ಎಂದರು. ವೇಗ ಹೆಚ್ಚಿದಷ್ಟೂ ಬೀಸಾಟ ಹೆಚ್ಚುತ್ತದೆ, ಥಟ್ಟನೆ ಆಕ್ಸಿಲರೇಟರ್ ಬಿಟ್ಟಾಗ ಹಾರಿರಬಹುದು ಎಂದೆ. ಅವರು, ಅಂದು ಮುಂದೆ ಕುರಿ ಅಡ್ಡ ಬಂದಿದ್ದರಿಂದ ಬಿಟ್ಟದ್ದು ಹೌದು ಎಂದರು. ಲೆಕ್ಕ ತಾಳೆಯಾದಂತೆ ತಲೆಯಾಡಿಸಿದರು. ಆಮೇಲೆ ಕೀಲಿಯನ್ನು ಮಾವನ ಕಡೆ ಚಾಚಿದರು.

"ನೀವು ಓಡ್ಸಿ. ನಾನು ಹಿಂದೆ ಕೂತ್ಕೊಂತೀನಿ. ಬ್ರಹ್ಮಸಮುದ್ರದ ತಂಕ ಹೋಗಿ ಬರಾಣ."

"ನಾನಾ?"

"ಸರಿ ಆಗೈತೆ ಅಂತ ಹೇಳೋಕೆ ಬಂದೋರು ನೀವೇ ಅಲ್ವಾ. ನಾನು ದಿನಾ ಹೋಗೋ ಸ್ಪೀಡಲ್ಲೇ ಹೋಗ್ಬೇಕು."

ಮಾವ ಪಂಚೆ ಎತ್ತಿ ಕಟ್ಟಿ ಗಾಡಿ ಹತ್ತಿದರು. ಶಬ್ದ ಬೀದಿಯ ತಿರುವು ದಾಟಿ, ಊರಿನ ಗದ್ದಲದಲ್ಲಿ ತೆಳುವಾಗಿ, ಕಡೆಗೆ ಇಲ್ಲವಾಯಿತು. ನಾನು ಗೇಟಿಗೆ ಆತು ನಿಂತೆ. ಕೆಲಸದ ಪ್ರತಿಯೊಂದು ಹಂತವನ್ನೂ ಮನಸ್ಸಿನಲ್ಲಿ ಬಿಚ್ಚಿ ಮತ್ತೆ ಜೋಡಿಸಿದೆ. ಗೈಡ್ ಬಿಗಿಯಾಗಿ ಕೂತಿದೆಯೇ? ವಾಲ್ವಿನ ಉದ್ದ ಸರಿಯೇ? ನನ್ನ ಛಲಕ್ಕಾಗಿ ಇಬ್ಬರನ್ನು ಒಂದೇ ಗಾಡಿಯ ಮೇಲೆ ಕಳಿಸಿದೆನೇ? ರಸ್ತೆಯಲ್ಲಿ ಹಾದುಹೋದ ಒಂದೊಂದು ಮೋಟರ್ ಸೈಕಲ್ಲಿನ ಸದ್ದಿಗೂ ತಿರುವಿನತ್ತ ಇಣುಕಿದೆ.

ಅವರು ಮರಳಿದಾಗ ಗಾಡಿ ಓಡಿಸುತ್ತಿದ್ದವರು ಟೀಚರ್. ಮಾವ ಹಿಂದೆ ಕೂತಿದ್ದರು. ಟೀಚರ್ ಇಂಜಿನ್ ಆಫ್ ಮಾಡದೆ ತಲೆಯನ್ನು ಓರೆ ಮಾಡಿ ಅದರ ಸದ್ದು ಕೇಳಿದರು. ಬಳಿಕ ಗಾಡಿಯನ್ನು ಗೇಟಿನೊಳಗೆ ತೆಗೆದುಕೊಂಡು ಹೋಗುತ್ತ, ನಾಳೆ ಸ್ಕೂಲಿಗೆ ಇದ್ರಲ್ಲೇ ಹೋಯ್ತೀನಿ ಎಂದರು.

ಮಾವ ಕಾಂಪೌಂಡಿಗೆ ಒರಗಿ ನಿಂತು ನನ್ನನ್ನು ಹತ್ತಿರ ಕರೆದರು.

"ಆ ಹೊಲದ ಹತ್ರ ಬತ್ತಿದ್ದಂಗೆ ಟೀಚರಮ್ಮ ನನ್ನ ಹೆಗಲು ಹಿಡ್ಕೊಂಡ್ರು ಕಣಮ್ಮಿ," ಎಂದರು. "ಹೊಲ ದಾಟೋ ತಂಕ ಬಿಗಿ ಸಡಿಲ ಮಾಡ್ಲಿಲ್ಲ."

ವಾಪಸು ಬರುವಾಗ ಆಟೋದಲ್ಲಿ ಅವರು ಎಡಗೈಯಿಂದ ಬಲ ಹೆಗಲನ್ನು ಮುಚ್ಚಿಕೊಂಡೇ ಕೂತಿದ್ದರು.